ಭಾರ ಹೊರುವ ಹಗ್ಗ

ವಿಳಿಂಜಂ ಮೀನು ಬಂದರಿನ ಕಟ್ಟೆಯ ಮೇಲೆ ಕೂತು ನಾನು ಬರೆದ ಮೊದಲ ಚಿತ್ರದಲ್ಲಿ ಹನ್ನೊಂದು ದೋಣಿಗಳಿದ್ದವು. ಹನ್ನೊಂದಕ್ಕೂ ಹಗ್ಗ ಇತ್ತು, ಲಂಗರು ಇತ್ತು, ಪಕ್ಕದ ಮೇಲೆ ನೋಂದಣಿ ಸಂಖ್ಯೆ ಇತ್ತು. ಹಿಂದಿನ ಮಸೀದಿಯ ಕಿಟಕಿಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದೆ. ಮೂರು ಭಾನುವಾರ ಹಿಡಿದ ಕೆಲಸ. ಮುಗಿದ ಮೇಲೆ ಮಾಷ್ ಕೈಗೆ ಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, ಆಮೇಲೆ ಕೈ ಚಾಚಿ ದೂರ ಹಿಡಿದು ನೋಡಿದರು.

"ಸಾರೇ, ಎಲ್ಲಾ ಇದೆ," ಎಂದರು.

ನಾನು ಹಿಗ್ಗಿದೆ.

"ನೀರೊಂದಿಲ್ಲ," ಎಂದರು.

ನೀರು ಇತ್ತಲ್ಲ, ಅರ್ಧ ಹಾಳೆ ತುಂಬ ನೀಲಿ ಬಳಿದಿದ್ದೆ. ಆದರೆ ಅವರು ಹೇಳಿದ್ದು ಮನೆಗೆ ಬಂದು ಗೋಡೆಗೆ ಒರಗಿಸಿ ನೋಡಿದಾಗ ಕಂಡಿತು. ದೋಣಿಗಳು ನೀರಿನ ಮೇಲೆ ಕೂತಿರಲಿಲ್ಲ, ನೀಲಿ ಮೇಜಿನ ಮೇಲೆ ಜೋಡಿಸಿಟ್ಟ ಹಾಗಿದ್ದವು. ಅಲೆ ಬಂದರೂ ಅಲುಗುವುದಿಲ್ಲ ಎಂದು ಹಟ ಹಿಡಿದ ದೋಣಿಗಳು.

ಮಾಷ್ ಅಂದರೆ ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬೆಳಗಿನ ನಡಿಗೆಗೆ ಬಂದರಿಗೆ ಬರುತ್ತಿದ್ದರು, ನಾನು ಬಗ್ಗಿ ಕೂತು ಹಗ್ಗ ಎಣಿಸುವುದನ್ನು ನೋಡಿ ನಿಂತರು, ಹಾಗೆ ಪರಿಚಯ. ಅವರು ಮಲಯಾಳದಲ್ಲಿ, ನಾನು ಅರ್ಧ ಮಲಯಾಳ ಅರ್ಧ ತಮಿಳಿನಲ್ಲಿ, ಸಿಕ್ಕಿಬಿದ್ದಾಗ ಇಬ್ಬರೂ ಇಂಗ್ಲಿಷಿನಲ್ಲಿ. ಐದು ವರ್ಷದಿಂದ ಹೀಗೇ ನಡೆದಿದೆ.

ನಾನು ತಿರುವನಂತಪುರಕ್ಕೆ ಬಂದದ್ದು 2019ರಲ್ಲಿ, ಬೆಂಗಳೂರಿನಿಂದ, ಕಂಪನಿ ಕಳಿಸಿದ್ದಕ್ಕೆ. ಕೆಲಸ ಕಳಕೂಟ್ಟಂ ಕಡೆ, ಪ್ರಾಜೆಕ್ಟ್ ಮ್ಯಾನೇಜರ್. ಆದರೆ ವಿಳಿಂಜಂ ಹೆಸರು ನನಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಸುರತ್ಕಲ್ಲಿನಲ್ಲಿ ಎಂ.ಟೆಕ್. ಓದುವಾಗ ಸಮುದ್ರದ ಅಲೆಯಿಂದ ವಿದ್ಯುತ್ ತೆಗೆಯುವ ಪಾಠದಲ್ಲಿ ಆ ಹೆಸರು ಬಂದಿತ್ತು. ಐಐಟಿ ಮದ್ರಾಸಿನವರು 1991ರಲ್ಲಿ ಇಲ್ಲಿನ ಅಲೆತಡೆಗೋಡೆಯ ಬಳಿ 150 ಕಿಲೋವ್ಯಾಟಿನ ಪ್ರಾಯೋಗಿಕ ಸ್ಥಾವರ ನಿಲ್ಲಿಸಿದ್ದರು. ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ. ಅದರೊಳಗೆ ಅಲೆ ನುಗ್ಗಿದಾಗ ಗಾಳಿ ಮೇಲಕ್ಕೆ ದಬ್ಬಿಸಿಕೊಂಡು ಹೋಗುತ್ತದೆ, ಅಲೆ ಹಿಂದೆ ಸರಿದಾಗ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಎರಡೂ ಸಲ ಟರ್ಬೈನ್ ಒಂದೇ ದಿಕ್ಕಿಗೆ ತಿರುಗುತ್ತದೆ. ಈಗ ಅದು ಕೆಲಸ ಮಾಡುತ್ತಿಲ್ಲ. ಪರೀಕ್ಷೆಗೆ ಆ ಪೆಟ್ಟಿಗೆಯ ಅಡ್ಡಕೊಯ್ತದ ಚಿತ್ರವನ್ನು ಸ್ಕೇಲಿಟ್ಟು ಎಷ್ಟು ಚೆಂದ ಬರೆದಿದ್ದೆ ಅಂದರೆ ಹಾಸ್ಟೆಲ್ಲಿನಲ್ಲಿ ನಾಲ್ಕು ಜನ ಅದನ್ನೇ ನಕಲು ಮಾಡಿಕೊಂಡರು. ಕಾಲೇಜಿನ ಎದುರಿಗೇ ಸಮುದ್ರ, ಎರಡು ವರ್ಷ ಅಲ್ಲೇ ಇದ್ದೆ. ಒಂದು ದಿನವೂ ಆ ಸಮುದ್ರವನ್ನು ಬರೆಯಬೇಕು ಅನ್ನಿಸಲಿಲ್ಲ.

ಚಿತ್ರ ಬರೆಯುವ ಕೈ ಬಂದದ್ದು ಅಪ್ಪನಿಂದ. ಅಪ್ಪ ಶಿವಮೊಗ್ಗದಲ್ಲಿ ಪಿ.ಡಬ್ಲ್ಯು.ಡಿ. ನಕ್ಷೆಗಾರರು. ಇಳಿಜಾರಿನ ದೊಡ್ಡ ಹಲಗೆ, ಟಿ-ಸ್ಕ್ವೇರ್, ಟ್ರೇಸಿಂಗ್ ಹಾಳೆ, ಇಂಕಿನ ಪೆನ್ನು. ಗೆರೆ ಎಲ್ಲಾದರೂ ಅರ್ಧ ಮಿಲಿಮೀಟರು ಹೊರಗೆ ಹೋದರೆ ಮುರಿದ ಅರ್ಧ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಇಂಕನ್ನು ಕೆರೆಯುತ್ತಿದ್ದರು. ಕೆರೆದ ಜಾಗವನ್ನು ಉಗುರಿನಿಂದ ತಿಕ್ಕಿ ನುಣುಪು ಮಾಡಿ ಅದರ ಮೇಲೆ ಮತ್ತೆ ಗೆರೆ. "ಗೆರೆ ತಪ್ಪಿದ್ರೆ ಸೇತುವೆ ತಪ್ಪುತ್ತೆ ಕಣೋ," ಎನ್ನುತ್ತಿದ್ದರು. ಅವರ ಕೆಲಸದಲ್ಲಿ ಅದು ಅಕ್ಷರಶಃ ನಿಜ. ನಾನು ಎಂಟು ವರ್ಷದವನಿದ್ದಾಗ ಬರೆದ ಹಸುವಿನ ಕಾಲಿಗೂ ಅವರು ಬ್ಲೇಡು ಹಿಡಿದದ್ದು ನೆನಪಿದೆ. ಪ್ರೀತಿಯಿಂದಲೇ ಹಿಡಿದದ್ದು. ಮೊದಲ ವಿಳಿಂಜಂ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಕೇಲ್ ಎಷ್ಟು?"

ಆಫೀಸಿನಲ್ಲೂ ನಾನು ಅದೇ ಬ್ಲೇಡು ಹಿಡಿದಿದ್ದೆ. ಇದನ್ನು ಹೇಳಿಕೊಳ್ಳಲು ಈಗ ಅಷ್ಟು ಸಂಕೋಚವಿಲ್ಲ. ತಂಡದವರು ಬರೆದ ಪ್ರತಿ ಇಮೇಲು ನನ್ನ ಕೈ ದಾಟಿಯೇ ಗ್ರಾಹಕರಿಗೆ ಹೋಗಬೇಕು, ಸ್ಲೈಡಿನಲ್ಲಿ ಎರಡು ಡಬ್ಬಿಗಳ ನಡುವಿನ ಅಂತರ ಸಮ ಇರಬೇಕು. ಒಂದು ದಿನ ತಂಡದ ಹುಡುಗಿಯೊಬ್ಬಳು, ಸೇರಿ ಎರಡು ವರ್ಷವಾಗಿತ್ತು, ವರದಿ ಕಳಿಸುವ ಬದಲು ಖಾಲಿ ಫೈಲು ಕಳಿಸಿದಳು. ಕೇಳಿದರೆ, "ಸರ್, ನೀವೇ ಬರೆದುಬಿಡಿ, ಹೇಗೂ ಮತ್ತೆ ಬರೀತೀರಲ್ಲ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆರು ವಾರಕ್ಕೆ ರಾಜೀನಾಮೆ ಕೊಟ್ಟಳು. ಬಿಡುವಾಗಿನ ಫಾರಂನಲ್ಲಿ 'ಉತ್ತಮ ಅವಕಾಶ' ಎಂದು ಬರೆದಿದ್ದಳು. ನಾವೆಲ್ಲ ಬರೆಯುವುದೂ ಅದನ್ನೇ.

ಮಾಷ್ ಮೊದಲು ಮಾಡಿದ ಕೆಲಸ ನನ್ನ ಎರಡನೇ ನಂಬರಿನ ಬ್ರಶ್ಶನ್ನು ಕಿತ್ತುಕೊಂಡದ್ದು. ಅದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಹಾರ್ಡ್‌ವೇರ್ ಅಂಗಡಿಯಿಂದ ಕಿಟಕಿಗೆ ಬಣ್ಣ ಹೊಡೆಯುವ ಒಂದೂವರೆ ಇಂಚಿನ ಬ್ರಶ್ ತಂದುಕೊಟ್ಟರು. ಕುರ್ಚಿ ಹೋಯಿತು, ನಿಂತೇ ಬರೆಯಬೇಕು. ಬ್ರಶ್ಶನ್ನು ಪೆನ್ಸಿಲಿನ ಹಾಗೆ ಕುತ್ತಿಗೆಯಲ್ಲಿ ಹಿಡಿಯಬಾರದು, ಬಾಲದ ತುದಿಯಲ್ಲಿ ಹಿಡಿಯಬೇಕು. ಬೆರಳು ಆಡಬಾರದು, ಭುಜ ಆಡಬೇಕು. ಬಣ್ಣ ಮೂರೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಒಂದು ಹಳದಿ. ನೀಲಿ ಮತ್ತು ಸಿಯೆನ್ನಾ ಕಲಸಿದರೆ ಬರುವ ಬೂದು ಬಣ್ಣದಲ್ಲಿ ಈ ಕರಾವಳಿಯ ಜೂನ್, ಜುಲೈ ಎರಡೂ ಸಿಗುತ್ತವೆ. ಮತ್ತು ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಅರ್ಧ ಮುಚ್ಚಿದರೆ ಹಗ್ಗ, ಸಂಖ್ಯೆ, ಕಿಟಕಿ ಎಲ್ಲ ಮಾಯವಾಗಿ ಬೆಳಕು, ನಡುವಣದ್ದು, ಕತ್ತಲು ಎಂಬ ಮೂರೇ ಉಳಿಯುತ್ತವೆ. ಮೊದಲು ಆ ಮೂರನ್ನು ಹಿಡಿ, ಉಳಿದದ್ದು ಬಂದರೆ ಬರಲಿ.

ಕೇಳಲು ಸುಲಭ. ಮೊದಲ ನಾಲ್ಕು ತಿಂಗಳು ನಾನು ಬರೆದದ್ದು ಕೆಸರು. ಸಡಿಲ ಅಂದರೆ ಗಡಿಬಿಡಿಯಲ್ಲಿ ಬಳಿಯುವುದು ಎಂದುಕೊಂಡಿದ್ದೆ. ಇಂಟರ್ನೆಟ್ಟಿನಲ್ಲಿ ಹಾರುವ ಬಣ್ಣದ ಹನಿಗಳನ್ನು ನೋಡಿ ನಾನೂ ಹನಿ ಎರಚಿದೆ. ಮಾಷ್ ಅದನ್ನು ನೋಡಿ, "ಇದು ಸಡಿಲ ಅಲ್ಲ ಸಾರೇ, ಸೋಮಾರಿತನ. ಮೊದಲಿಂದೇ ವಾಸಿ, ಅದರಲ್ಲಿ ಕಷ್ಟ ಆದರೂ ಇತ್ತು," ಎಂದರು. ಅವತ್ತು ಮನೆಗೆ ಹೋಗುವಾಗ ಬೈಪಾಸಿನಲ್ಲಿ ಕಾರಿನ ಕಿಟಕಿ ಏರಿಸಿಕೊಂಡು ಒಬ್ಬನೇ ಜೋರಾಗಿ ಬೈದುಕೊಂಡೆ. ಯಾರನ್ನು ಬೈದೆ ಎಂದು ಈಗ ನೆನಪಿಲ್ಲ.

ದಾರಿ ಸಿಕ್ಕಿದ್ದು ಮನುಷ್ಯರನ್ನು ಬರೆಯಲು ಶುರುಮಾಡಿದಾಗ. ಅಲ್ಲಿಯವರೆಗೆ ನನ್ನ ಚಿತ್ರಗಳಲ್ಲಿ ಜನರಿರಲಿಲ್ಲ, ಏಕೆಂದರೆ ಜನ ನಿಲ್ಲುವುದಿಲ್ಲ. ಮಾಷ್ ಹಳೆಯ ಪೇಪರಿನ ಕಟ್ಟು ಕೊಟ್ಟು, ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಕಡಲತೀರಕ್ಕೆ ಕರೆದುಕೊಂಡು ಹೋದರು. ಇಲ್ಲಿ ಕಂಬವಲ ಎಳೆಯುತ್ತಾರೆ. ನಮ್ಮ ಕರಾವಳಿಯವರಿಗೆ ಕೈರಂಪಣಿ ಅಂದರೆ ತಕ್ಷಣ ತಿಳಿದೀತು: ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಎರಡು ಸಾಲು ಜನ ಗಂಟೆಗಟ್ಟಲೆ ಎಳೆಯುವುದು. ಸಾಲಿನ ಹಿಂದಿನವನು ಹಗ್ಗ ಬಿಟ್ಟು ಓಡಿಬಂದು ನೀರಿನ ಅಂಚಿನಲ್ಲಿ ಮುಂದಿನವನಾಗುತ್ತಾನೆ. ಒಬ್ಬನನ್ನು ನೋಡಿ ಹಾಳೆಗೆ ಕಣ್ಣಿಳಿಸುವಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ.

"ಮುಖ ಬೇಡ, ಬೆರಳು ಬೇಡ. ಭಾರ ಎಲ್ಲಿ ಬೀಳ್ತಾ ಇದೆ ನೋಡಿ," ಎಂದರು ಮಾಷ್.

ಅದು ನನಗೆ ಗೊತ್ತಿದ್ದ ಭಾಷೆ. ನೆಟ್ಟಗೆ ನಿಂತ ಮನುಷ್ಯನ ಕೊರಳ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಅವನು ಭಾರ ಊರಿದ ಪಾದದ ಬಳಿಯೇ ಬೀಳುತ್ತದೆ. ಚಿತ್ರದಲ್ಲಿ ಅದು ತಪ್ಪಿದರೆ ನೋಡುವವರಿಗೆ ಕಾರಣ ಗೊತ್ತಾಗದೆಯೇ ಅವನು ಬೀಳುತ್ತಾನೆ ಅನ್ನಿಸುತ್ತದೆ. ಆದರೆ ಹಗ್ಗ ಎಳೆಯುವವನಲ್ಲಿ ಆ ಗುಂಡು ಎರಡು ಪಾದಗಳ ಹೊರಗೆ, ಹಿಂದಕ್ಕೆ ಬೀಳುತ್ತದೆ. ಲೆಕ್ಕದ ಪ್ರಕಾರ ಅವನು ಮಗುಚಿ ಬೀಳಬೇಕು. ಬೀಳದಂತೆ ಹಿಡಿದಿರುವುದು ಹಗ್ಗ. ಹಗ್ಗದ ಆ ತುದಿಯಲ್ಲಿ ಬಲೆ, ಬಲೆಯೊಳಗೆ ಸಮುದ್ರ. ಬಿ.ಇ. ಮೊದಲ ವರ್ಷದಲ್ಲಿ ಬಲಗಳ ಬಾಣ ಹಾಕಿ ಇಂಥ ನೂರು ಲೆಕ್ಕ ಮಾಡಿದ್ದೆ. ಆ ಬಾಣಗಳು ಹೀಗೆ ಬೆವರುತ್ತವೆ ಎಂದು ಗೊತ್ತಿರಲಿಲ್ಲ.

ಅವತ್ತು ಮೂವತ್ತೆಂಟು ಜನರನ್ನು ಬರೆದೆ. ಒಬ್ಬೊಬ್ಬನಿಗೆ ಮೂರು ಗೆರೆ: ಭುಜದ್ದೊಂದು, ಬೆನ್ನಿನಿಂದ ಹಿಮ್ಮಡಿಯವರೆಗೆ ಒಂದು, ಹಗ್ಗದ್ದೊಂದು. ಮೂವತ್ತು ಕೆಟ್ಟಿದ್ದವು. ಎಂಟರಲ್ಲಿ ಜನ ನಿಜಕ್ಕೂ ಎಳೆಯುತ್ತಿದ್ದರು. ಮೊದಲ ಚಿತ್ರದಲ್ಲಿ ನಾನು ಎಣಿಸಿ ಬರೆದ ಹಗ್ಗಗಳೆಲ್ಲ ಏನನ್ನೂ ಹೊರುತ್ತಿರಲಿಲ್ಲ, ಸುಮ್ಮನೆ ಇದ್ದವು. ಇಲ್ಲಿ ಒಂದೇ ಹಗ್ಗ, ಅದನ್ನು ಬಿಟ್ಟರೆ ಮನುಷ್ಯನೇ ಬಿದ್ದುಹೋಗುತ್ತಾನೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನುವುದಕ್ಕೆ ನನಗೆ ಸಿಕ್ಕ ಮೊದಲ ಅಳತೆಗೋಲು ಇದು.

ಆಮೇಲೆ ನಮ್ಮವರ ಚಿತ್ರಗಳನ್ನು ನೋಡುವ ಕಣ್ಣೇ ಬೇರೆಯಾಯಿತು. ಬೆಂಗಳೂರಿಗೆ ಹೋದಾಗಲೆಲ್ಲ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಎದುರು ಹಾದುಹೋಗುತ್ತಿದ್ದವನು ಈಗ ಒಳಗೆ ಹೋಗತೊಡಗಿದೆ. ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲಿನ ಜಲವರ್ಣಗಳು ಬಿಗಿಯ ಕೆಲಸವೇ. ತಾಳ್ಮೆಯಿಂದ ಒಂದು ಪದರದ ಮೇಲೊಂದು ಪದರ. ಆದರೂ ಅವರ ಮಂಜು ಚಲಿಸುತ್ತದೆ. ಅಂದರೆ ಬಿಗಿಯಾಗಿ ಬರೆಯುವುದೇ ತಪ್ಪಲ್ಲ. ಇನ್ನೊಂದು ತುದಿಯಲ್ಲಿ ರುಮಾಲೆ ಚೆನ್ನಬಸವಯ್ಯ, ದೊಡ್ಡಬಳ್ಳಾಪುರದವರು, 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಚಳವಳಿ, ಪತ್ರಿಕೆ, ರಾಜಕೀಯ ಎಂದು ಬದುಕಿನ ಬಹುಪಾಲು ಕಳೆದು, ನಡುವಯಸ್ಸು ದಾಟಿದ ಮೇಲೆ ಮತ್ತೆ ಕುಂಚಕ್ಕೆ ಮರಳಿ, ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ನಿಂತು ಬರೆದರು. ನಲವತ್ತೈದರ ನನಗೆ ಆ ವಯಸ್ಸಿನ ಲೆಕ್ಕ ಸಮಾಧಾನ ಕೊಟ್ಟಿತು.

ಹೆಚ್ಚು ಕಾಡಿದವರು ಕೆ.ಕೆ. ಹೆಬ್ಬಾರರು. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಪ್ಯಾರಿಸ್ಸಿಗೂ ಹೋಗಿಬಂದವರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ಸಿಂಗಿಂಗ್ ಲೈನ್' ಎಂದೇ ಹೆಸರು, ಹಾಡುವ ರೇಖೆ. ಕುಣಿಯುವವಳನ್ನು ಎತ್ತದ ಒಂದೇ ಗೆರೆಯಲ್ಲಿ ಬರೆದುಬಿಡುತ್ತಾರೆ. ಇದು ಹುಟ್ಟಾ ಬಂದ ಕೈ ಎಂದುಕೊಂಡಿದ್ದೆ. ಆಮೇಲೆ ಓದಿದರೆ, ಲಯ ಮೈಗೆ ಗೊತ್ತಾಗಬೇಕೆಂದು ಅವರು ಗುರು ಸುಂದರ್ ಪ್ರಸಾದರ ಬಳಿ ಕಥಕ್ ಕಲಿತಿದ್ದರು. ಗೆಜ್ಜೆ ಕಟ್ಟಿ ತಾಳ ಲೆಕ್ಕ ಹಾಕಿದ ಮೇಲೆ ಬಂದ ಸಡಿಲ ಅದು. ಇದನ್ನು ಮಾಷ್‌ಗೆ ಹೇಳಿದಾಗ ಅವರು ಖುಷಿಯಿಂದ, "ನೀವೂ ಹೋಗಿ ಸಾರೇ, ಒಂದು ದಿನ ಹಗ್ಗ ಎಳೀರಿ," ಎಂದರು. ಎಳೆದೆ. ಇಪ್ಪತ್ತು ನಿಮಿಷಕ್ಕೆ ಅಂಗೈ ಬೊಬ್ಬೆ ಬಂದು, ಎಳೆಯುವವರೆಲ್ಲ ನಕ್ಕು, ಒಂದು ಹಿಡಿ ನೆತ್ತೋಲಿ ಮೀನು ಕೊಟ್ಟು ಕಳಿಸಿದರು. ಮುಂದಿನ ವಾರ ಬರೆದ ಬೆನ್ನುಗಳು ಮೊದಲಿಗಿಂತ ಚೆನ್ನಾಗಿದ್ದವು.

ತಿಂಗಳಿಗೊಮ್ಮೆ ಆಫೀಸಿನ ಕೆಲಸಕ್ಕೆ ಕೊಚ್ಚಿಗೆ ಹೋಗುತ್ತೇನೆ. ಸಂಜೆ ಮಟ್ಟಾಂಚೇರಿ. ಅಲ್ಲಿನ ಅರಮನೆಯ ರಾಮಾಯಣದ ಭಿತ್ತಿಚಿತ್ರಗಳ ಎದುರು 1937ರಲ್ಲಿ ಅಮೃತಾ ಶೇರ್‌ಗಿಲ್ ಕೂತು ನಕಲು ಮಾಡಿದ್ದರು. ಆ ಪ್ರವಾಸದಿಂದ ಮರಳಿದ ಮೇಲೆಯೇ ಅವರ ದಕ್ಷಿಣ ಭಾರತದ ಜನ, ಮದುಮಗಳು, ಬ್ರಹ್ಮಚಾರಿಗಳು, ಸಂತೆಗೆ ಹೊರಟ ಹಳ್ಳಿಯವರು ಬಂದದ್ದು. ಇದೇ ಕೊಚ್ಚಿಯ ಮಗು ಕ್ಲಿಂಟ್, 1983ರಲ್ಲಿ ಏಳು ತುಂಬುವ ಮೊದಲೇ ತೀರಿಹೋದ. ಅಷ್ಟರಲ್ಲಿ ಸುಮಾರು 25,000 ಚಿತ್ರ ಬರೆದಿದ್ದ ಎನ್ನುತ್ತಾರೆ. ಅವನ ಆನೆಗಳನ್ನು, ತೆಯ್ಯಂಗಳನ್ನು ನೋಡಿದಾಗ ನನಗೆ ನನ್ನ ಎಂಟನೇ ವಯಸ್ಸಿನ ಹಸು ನೆನಪಾಯಿತು. ಅದರ ಕಾಲು ಯಾವ ಕಡೆಗೆ ಸೊಟ್ಟಗಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೈಯ ವಿಷಯ. ಹೇಳಬೇಕೆಂದು ಕೂತದ್ದು ಬೇರೆ.

ಬಂದರಿನ ಹರಾಜುಕಟ್ಟೆಯ ಪಕ್ಕ ಮೀನು ಮಾರುವ ಅಮ್ಮಚ್ಚಿಯೊಬ್ಬರಿದ್ದಾರೆ. ಅರವತ್ತು ದಾಟಿದವರು. ಅಲ್ಯೂಮಿನಿಯಂ ಬೋಗುಣಿ, ಅದರಲ್ಲಿ ಅಯಲ ಅಥವಾ ಮತ್ತಿ, ಅಂದರೆ ನಮ್ಮ ಬಂಗುಡೆ, ಬೂತಾಯಿ. ನಾನು ಬರೆಯುವ ಜಾಗಕ್ಕೂ ಅವರ ಜಾಗಕ್ಕೂ ಹತ್ತು ಹೆಜ್ಜೆ. ಇಲ್ಲಿ ಗಂಡಸರನ್ನೆಲ್ಲ ಕರೆಯುವ ಹಾಗೆ ನನ್ನನ್ನೂ 'ಮೋನೇ' ಎನ್ನುತ್ತಾರೆ, ಮಗನೇ ಅಂತ. ಪರಿಚಯವಾದ ಎರಡನೇ ವರ್ಷ ಒಂದು ದಿನ ರವಿಕೆಯೊಳಗಿಂದ ಪರ್ಸು ತೆಗೆದು, ಅದರಿಂದ ಲ್ಯಾಮಿನೇಟ್ ಮಾಡಿಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದರು. ನೀಲಿ ಹಿನ್ನೆಲೆ, ಗುಂಡಿ ಹಾಕಿದ ಕಾಲರು, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ.

"ಇದನ್ನ ದೊಡ್ಡದು ಮಾಡಿ ಬರೀತೀಯಾ ಮೋನೇ?"

2017ರ ನವೆಂಬರ್ ಕೊನೆಯ ಓಖಿ ಚಂಡಮಾರುತ ನೀವು ಸುದ್ದಿಯಲ್ಲಿ ನೋಡಿರಬಹುದು. ಆಗ ಬೆಂಗಳೂರಿನಲ್ಲಿದ್ದ ನಾನೂ ನೋಡಿದ್ದೆ, ಅಷ್ಟೇ. ಪೂಂತುರ, ವಿಳಿಂಜಂ ಕಡೆಯಿಂದ ಎಂದಿನಂತೆ ಸಂಜೆ ಹೋದ ದೋಣಿಗಳಲ್ಲಿ ಎಷ್ಟೋ ಮರಳಲಿಲ್ಲ. ಎಷ್ಟೋ ಮಂದಿಯ ದೇಹವೂ ಸಿಗಲಿಲ್ಲ. ಅಮ್ಮಚ್ಚಿಯ ಮಗನದೂ ಸಿಕ್ಕಿಲ್ಲ. ಮನೆಯಲ್ಲಿ ಅವನ ಬೇರೆ ಫೋಟೋ ಇಲ್ಲ, ಇದ್ದದ್ದು ಅವನ ಫೋನಿನಲ್ಲಿತ್ತು, ಫೋನು ಅವನ ಜೊತೆಯಲ್ಲೇ ಹೋಯಿತು.

ನಾನು ಆ ಫೋಟೋವನ್ನು ಸ್ಕ್ಯಾನ್ ಮಾಡಿ, ಚೌಕುಳಿ ಹಾಕಿ, ಹಾಳೆಯ ಮೇಲೂ ಚೌಕುಳಿ ಹಾಕಿ, ಎರಡು ವಾರ ಕೂತು ಬರೆದೆ. ಮಾಷ್ ಬೇಡ ಅಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡನೇ ನಂಬರಿನ ಬ್ರಶ್ ಹೊಸದು ತಂದುಕೊಂಡೆ. ಇಂಥ ವಿಷಯದಲ್ಲಿ ಸಡಿಲ ಗಿಡಿಲ ಎಲ್ಲ ಸಲ್ಲದು, ಇದು ಗೌರವದ ಪ್ರಶ್ನೆ ಅನ್ನಿಸಿತ್ತು. ಹುಬ್ಬಿನ ಕೂದಲು, ಕಾಲರಿನ ಹೊಲಿಗೆ, ಎಡಗೆನ್ನೆಯ ಸಣ್ಣ ಮಚ್ಚೆ, ಏನನ್ನೂ ಬಿಡಲಿಲ್ಲ.

ಅಮ್ಮಚ್ಚಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಚಿತ್ರ ಹಿಡಿದರು. ತುಂಬ ಹೊತ್ತು ನೋಡಿದರು.

"ಫೋಟೋದ ಹಾಗೇ ಇದೆ," ಎಂದರು.

ಆಮೇಲೆ, ನನಗೆ ಬೇಸರವಾಗಬಾರದು ಎಂಬಂತೆ ಮೆಲ್ಲಗೆ, "ಅವನು ಹೀಗೆ ಯಾವತ್ತೂ ಇರಲಿಲ್ಲ ಮೋನೇ. ಸ್ಟುಡಿಯೋದವನು ನೆಟ್ಟಗೆ ಕೂರಿಸಿದ್ದ," ಎಂದರು.

ದುಡ್ಡು ಕೊಡಲು ಬಂದರು, ಬೇಡ ಅಂದೆ. ಹಾಗಾದರೆ ಇದನ್ನಾದರೂ ಎಂದು ಒಂದೂವರೆ ಕಿಲೋದಷ್ಟು ಬಂಗುಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟರು. ಅದನ್ನು ನಿರಾಕರಿಸಲು ಆಗಲಿಲ್ಲ. ಆ ರಾತ್ರಿ ಮನೆಯಲ್ಲಿ ಹೆಂಡತಿ ಅದನ್ನು ಹುರಿದು ಬಡಿಸಿದಾಗ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಎರಡು ವಾರ ನಾನು ಅವರ ಮಗನನ್ನು ನೋಡಿರಲೇ ಇಲ್ಲ, ನೋಡಿದ್ದು ಚೌಕುಳಿಯನ್ನು. ಅವನು ಹೇಗೆ ನಿಲ್ಲುತ್ತಿದ್ದ, ಹೇಗೆ ನಡೆಯುತ್ತಿದ್ದ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು. ಬಹುಶಃ ಅವರಿಗೆ ಬೇಕಿದ್ದದ್ದೂ ಅದನ್ನು ಹೇಳಲು ಒಂದು ನೆಪ. ಆ ಖಾಲಿ ಫೈಲು ಕಳಿಸಿದ ಹುಡುಗಿಯನ್ನೂ ನಾನು ಏನೂ ಕೇಳಿರಲಿಲ್ಲ, ಸಂಜೆಯೊಳಗೆ ವರದಿ ನಾನೇ ಬರೆದು ಮುಗಿಸಿದ್ದೆ. ಮಾರನೇ ದಿನ ಅವಳಿಗೆ ಒಂದು ಸಾಲು ಬರೆದೆ. "ಪರವಾಗಿಲ್ಲ ಸರ್," ಎಂದು ಉತ್ತರ ಬಂತು. ಪರವಾಗಿತ್ತು ಎಂದು ಇಬ್ಬರಿಗೂ ಗೊತ್ತು.

ಅಮ್ಮಚ್ಚಿಯನ್ನು ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಮಾಷ್‌ಗೆ ಹೇಳಿದೆ. ಅವರು ಏನೂ ಹೇಳದೆ ಊರೊಳಗಿನ ಗುಹಾಲಯಕ್ಕೆ ಕರೆದುಕೊಂಡು ಹೋದರು. ಬಂಡೆಯಲ್ಲಿ ಕೊರೆದ ಪುಟ್ಟ ಗುಡಿ, ಎಂಟನೇ ಶತಮಾನದ್ದು ಎನ್ನುತ್ತಾರೆ. ಒಳಗೆ ವೀಣಾಧರ ದಕ್ಷಿಣಾಮೂರ್ತಿ. ಹೊರಗೋಡೆಯ ಮೇಲೆ ಶಿವ, ಪಾರ್ವತಿಯರ ಉಬ್ಬುಶಿಲ್ಪ ಅರ್ಧಕ್ಕೇ ನಿಂತಿದೆ. ಯಾಕೆ ನಿಂತಿತು, ಕಲ್ಲುಕುಟಿಗ ಎಲ್ಲಿಗೆ ಹೋದ, ಬಂಡೆ ಹೇಳುವುದಿಲ್ಲ. ಮೈಯ ಬಾಗು ಬಂದಿದೆ, ಮುಖ ಇನ್ನೂ ಕಲ್ಲಿನೊಳಗೇ ಇದೆ. ಮಾಷ್ ಛತ್ರಿಯ ತುದಿಯಿಂದ ತೋರಿಸಿದರು: "ಅವನೂ ಮುಖದಿಂದ ಶುರುಮಾಡಿಲ್ಲ, ನೋಡಿ."

2024ರ ಜುಲೈ 11, ಗುರುವಾರ. ಹೊಸ ಬಂದರಿಗೆ ಮೊದಲ ದೊಡ್ಡ ಕಂಟೇನರ್ ಹಡಗು ಬರುವ ದಿನ. ಹೆಸರು ಸ್ಯಾನ್ ಫರ್ನಾಂಡೋ, ಮುನ್ನೂರು ಮೀಟರ್ ಉದ್ದ. ನಾನು ರಜೆ ಹಾಕಿದೆ. ಚಿತ್ರ ಬರೆಯಲು ಹಾಕಿದ ಮೊದಲ ರಜೆ. ಮಧ್ಯಾಹ್ನದವರೆಗಿನ ಮೀಟಿಂಗನ್ನು ತಂಡದ ಹುಡುಗನಿಗೆ ವಹಿಸಿದ್ದೆ, ಸ್ಲೈಡುಗಳನ್ನು ನೋಡಿರಲಿಲ್ಲ. ಫೋನನ್ನು ಕಾರಿನಲ್ಲೇ ಬಿಟ್ಟೆ.

ಈ ಬಂದರಿನ ಬಗ್ಗೆ ಇಲ್ಲಿ ಎಲ್ಲರಿಗೂ ಒಂದೇ ಭಾವನೆಯಿಲ್ಲ. ಕೆಲಸ ಶುರುವಾದದ್ದು 2015ರ ಡಿಸೆಂಬರಿನಲ್ಲಿ. ತೀರ ಕೊರೆದುಹೋಗುತ್ತಿದೆ, ಮನೆ ಹೋಗುತ್ತಿದೆ ಎಂದು 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಪ್ರತಿಭಟಿಸಿದ್ದರು. ಆದರೂ ಅವತ್ತು ಜನ ನೋಡಲು ಬಂದಿದ್ದರು, ನಾನಿದ್ದ ಕಡೆಯೂ ಗುಂಪು ನಿಂತಿತ್ತು. ಹಡಗನ್ನು ಎಲ್ಲ ಟಿವಿಯವರೂ ತೋರಿಸುತ್ತಾರೆ, ನಾನು ನೋಡುವವರ ಬೆನ್ನುಗಳನ್ನು ಬರೆಯುತ್ತೇನೆ ಎಂದು ನಿಂತೆ. ಕಿಟಕಿಯ ಬ್ರಶ್ಶು, ಮೂರು ಬಣ್ಣ, ಒದ್ದೆ ಹಾಳೆ. ಹಡಗು ಮೇಲ್ತುದಿಯಲ್ಲಿ ಒಂದು ಬೂದು ಪಟ್ಟಿ, ಅದರ ಕೆಳಗೆ ಸಾಲು ನಿಂತ ಭುಜಗಳು. ಲುಂಗಿ ಎತ್ತಿ ಕಟ್ಟಿದವರು, ಕೈ ಕಟ್ಟಿದವರು, ಹೆಗಲ ಮೇಲೆ ಮಗುವಿದ್ದವರು. ಇಪ್ಪತ್ತೈದು ನಿಮಿಷ ಹಿಡಿಯಿತು.

ಇಲ್ಲಿನ ಗಾಳಿಯಲ್ಲಿ ಜಲವರ್ಣ ಒಣಗುವುದೇ ಇಲ್ಲ. ಎಡದಿಂದ ಮೂರನೆಯವನ ಮೈಗೆ ನೀರು ಹೆಚ್ಚಾಗಿ, ಬಣ್ಣ ಕೆಳಗೆ ಜಾರಿ, ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿಳಿಯಿತು. ಹಿಂದಿನವನಾಗಿದ್ದರೆ ಟಿಶ್ಯೂ ಒತ್ತಿ ಎತ್ತಿಬಿಡುತ್ತಿದ್ದೆ. ಅವತ್ತೂ ಟಿಶ್ಯೂ ಕೈಯಲ್ಲೇ ಇತ್ತು.

ಅಮ್ಮಚ್ಚಿ ಯಾವಾಗ ಬಂದು ಪಕ್ಕದಲ್ಲಿ ನಿಂತರೋ ಗೊತ್ತಾಗಲಿಲ್ಲ. ಖಾಲಿ ಬೋಗುಣಿಯನ್ನು ಸೊಂಟಕ್ಕೆ ಆನಿಸಿಕೊಂಡಿದ್ದರು.

"ಇವನು ಯಾರು?"

"ಯಾರೂ ಅಲ್ಲ ಅಮ್ಮಚ್ಚಿ. ನೀರು ಜಾಸ್ತಿಯಾಗಿ ಭುಜ ಇಳಿದುಹೋಯ್ತು. ಒಣಗಿದ ಮೇಲೆ ಸರಿ ಮಾಡ್ತೀನಿ."

"ಬೇಡ."

ನಾನು ಟಿಶ್ಯೂ ಇಟ್ಟುಬಿಟ್ಟೆ.

"ಎಂಜಿನ್ ಹೊತ್ತೂ ಹೊತ್ತೂ ಅವನ ಭುಜ ಹೀಗೇ ಇಳಿದಿತ್ತು," ಎಂದರು. "ಹದಿನಾರಕ್ಕೇ ಹೊರೋಕೆ ಶುರುಮಾಡಿದ. ಎಡಭುಜದ ಮೇಲೇ ಹೊರೋದು. ಅಂಗಿ ಹಾಕಿದ್ರೂ ಒಂದು ಕಡೆ ಕೆಳಗೆ. ಮದುವೆ ಅಂಗಿ ಹೊಲಿಸೋಕೆ ಹೋದಾಗ ದರ್ಜಿ ಬೈದಿದ್ದ."

ಆ ಸಲ ನಾನು ಕೇಳಿದೆ. ನಡೆಯುವಾಗ ಹೇಗೆ? ಕೂತಾಗ? ನಗುವಾಗ ತಲೆ ಯಾವ ಕಡೆ? ಅವರು ಬೋಗುಣಿ ಕೆಳಗಿಟ್ಟು ನಡೆದು ತೋರಿಸಿದರು. ಎಡಭುಜ ಇಳಿಸಿ, ಬಲಗೈ ಬೀಸಿ, ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಹಡಗು ನೋಡಲು ಬಂದವರಲ್ಲಿ ಕೆಲವರು ತಿರುಗಿ ನೋಡಿದರು. ಒಬ್ಬ ವಯಸ್ಸಾದ ಮೀನುಗಾರ ಅವರ ನಡಿಗೆ ನೋಡಿ ತಟ್ಟನೆ ಹುಡುಗನ ಹೆಸರು ಹೇಳಿದ. ಅಮ್ಮಚ್ಚಿ "ಹೂಂ" ಎಂದರು. ಅಲ್ಲಿಯವರೆಗೆ ಅವನ ಹೆಸರು ನನಗೆ ಗೊತ್ತಿರಲಿಲ್ಲ.

ಚಿತ್ರವನ್ನು ಅವರಿಗೇ ಕೊಡಲು ಹೋದೆ. ಬೇಡ ಎಂದರು. ಮನೆಯ ಗೋಡೆ ಸೋರುತ್ತದೆ, ಹಾಳಾಗುತ್ತದೆ. "ನಿನ್ನ ಹತ್ರಾನೇ ಇರಲಿ ಮೋನೇ. ಭಾನುವಾರ ಬರ್ತೀಯಲ್ಲ, ತಗೊಂಡು ಬಾ. ನೋಡ್ತೀನಿ."

ಕಾರಿಗೆ ಬಂದು ಫೋನು ನೋಡಿದರೆ ಮೀಟಿಂಗು ಮುಗಿದಿತ್ತು. ಸ್ಲೈಡಿನಲ್ಲಿ ಎರಡು ತಪ್ಪಿತ್ತಂತೆ. ಗ್ರಾಹಕರೇ ನಕ್ಕು ತಿದ್ದಿದರಂತೆ.

ಆ ಹಾಳೆ ಈಗ ನನ್ನ ಫೋಲ್ಡರಿನಲ್ಲಿ ಮೇಲೆಯೇ ಇರುತ್ತದೆ. ಪ್ರತಿ ಭಾನುವಾರ ಹೋಗುತ್ತದೆ, ಬರುತ್ತದೆ. ಕೆಲವು ದಿನ ಮೀನು ಜಾಸ್ತಿ ಬಂದಿರುತ್ತದೆ, ಅಮ್ಮಚ್ಚಿಗೆ ನನ್ನ ಕಡೆ ನೋಡಲೂ ಪುರುಸೊತ್ತಿರುವುದಿಲ್ಲ. ಕೆಲವು ದಿನ ಕೈ ತೊಳೆದುಕೊಂಡು ಬರುತ್ತಾರೆ, ಮೂರನೆಯವನನ್ನು ಒಂದು ನಿಮಿಷ ನೋಡಿ, ಆಮೇಲೆ ಇವತ್ತು ಏನು ಬರೆದೆ ಎಂದು ಕೇಳುತ್ತಾರೆ. ಹೋಗಿ ಬಂದು ಹಾಳೆಯ ಮೂಲೆಗಳು ಮಡಚಿವೆ, ಬಲಗಡೆಯ ಅಂಚಿಗೆ ಮೀನಿನ ನೀರು ತಾಗಿ ಕಲೆಯಾಗಿದೆ. ಹೋದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಅಪ್ಪನಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಸುಮಾರು ಹೊತ್ತು ನೋಡಿದರು.

"ಈ ಭುಜ ಇಳಿದಿದೆಯಲ್ಲೋ," ಎಂದರು.

"ಹೌದಪ್ಪ, ಅದು ಹಾಗೇ," ಎಂದೆ.

ಭೂತಗನ್ನಡಿಯನ್ನು ಮಡಚಿಟ್ಟರು. ಮೇಜಿನ ಡ್ರಾಯರಿನಲ್ಲಿ ಈಗಲೂ ಅರ್ಧ ಬ್ಲೇಡಿದೆ, ಅದನ್ನು ಅವರು ತೆಗೆಯಲಿಲ್ಲ.